ಬಿರುಕಿಗೆ ಅಂಟಿಸಿದ ಗಾಜು

ಊರಿಗೆ ಕಾಲುವೆ ನೀರು ಬಂದ ಎರಡನೇ ವರ್ಷ, ಸುಗ್ಗಿಯ ಆರಾಧನೆಯ ಹಿಂದಿನ ದಿನ ಶನಿವಾರ ಬೆಳಿಗ್ಗೆ, ನಮ್ಮ ಚರ್ಚಿನ ಪಡುವಣ ಗೋಡೆಗೆ ಅಂಟಿಸಿದ್ದ ಗಾಜಿನ ಪಟ್ಟಿ ಒಡೆದಿತ್ತು.

ಹೋದ ಭಾನುವಾರ ಅದೇ ಚರ್ಚಿನ ಬಾಗಿಲಲ್ಲಿ ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದಾಗ, ಆ ಗಾಜು ಅಂಟಿಸಿದವರು ನೆನಪಾದರು. ಶಹಾಪುರದ ಕಡೆಯ ನಮ್ಮ ಊರಲ್ಲಿ ಕಲ್ಲುಗೋಡೆ ಕಟ್ಟುತ್ತಿದ್ದವರು. ಎಲ್ಲರಿಗೂ ಗೌಂಡಿ ಕಾಕಾ.

ಕಾಲುವೆ ನೀರು ಬಂದ ಮೊದಲ ವರ್ಷವೇ ಗೋಡೆ ಬಿರಿದಿತ್ತು. ಸಭೆಯವರು ಸಿಮೆಂಟು ತುಂಬಿಸಿದರು. ಎರಡು ತಿಂಗಳಿಗೆ ಮತ್ತೆ ಬಿರಿಯಿತು. ಆಗ ಕಾಕಾ ಬಿರುಕಿಗೆ ಅಡ್ಡಲಾಗಿ ಗಾಜಿಟ್ಟು ಎರಡೂ ತುದಿಗೆ ಸಿಮೆಂಟು ಮೆತ್ತಿದರು. ಗೋಡೆ ಸರಿದರೆ ಗಾಜು ಒಡೆಯುತ್ತದೆ, ಅಷ್ಟೇ ಲೆಕ್ಕ. ಪ್ರಾರ್ಥನೆ ಮುಗಿದ ಮೇಲೆ ಗಾಜು ನೋಡಿ ಮನೆಗೆ ಹೋಗುವುದು ರೂಢಿಯಾಯಿತು...

ಆ ಶನಿವಾರ ಹೆಂಗಸರು ಕಾಲುವೆ ನೀರಿನ ಮೊದಲ ಭತ್ತದ ತೆನೆ ಹೊತ್ತು ಒಳಗೆ ಸಿಂಗರಿಸಲು ಬಂದರು. ಕಾಕಾ ಬಾಗಿಲಿಗೆ ಅಡ್ಡ ಕೂತಿದ್ದರು.

ಸಭೆಯ ಹಿರಿಯರು ನಕ್ಕರು. "ಏನೋ ಗೌಂಡಿ, ನಿನ್ನ ಗಾಜೇನು ಪ್ರವಾದಿನಾ?"

"ಪ್ರವಾದಿ ಆಗಿದ್ರ ಯಾರೂ ಕೇಳ್ತಿದ್ದಿಲ್ರಿ. ಗಾಜೈತಿ, ಕಣ್ಣಿಲೆ ನೋಡ್ರಿ."

ಕಾಕಾನ ಹೆಂಡತಿಗೆ ನಗು ಬರಲಿಲ್ಲ. "ಬುಧವಾರ ಮಗಳ ಮದುವಿ ಇದ ಚರ್ಚಿನಾಗ ಐತಿ. ಬೀಗರಿಗೆ ಏನ್ ಹೇಳೂದು? ಮರತೀರೇನು?"

"ಮರತಿಲ್ಲ. ಅದಕ್ಕ ಏಳವಲ್ಲೆ."

ಏಳಲಿಲ್ಲ. ಆರಾಧನೆ ಬೇವಿನ ಮರದ ಕೆಳಗೆ ನಡೆಯಿತು. ಬುಧವಾರ ಮದುವೆಯೂ ಅಲ್ಲೇ. ಸುರಪುರದ ಬೀಗರು ಮುಖ ಗಂಟಿಕ್ಕಿಕೊಂಡೇ ಉಂಡು ಹೋದರು. ಆಮೇಲೆ ವರ್ಷಗಟ್ಟಲೆ ಆ ಹುಡುಗಿ ತವರಿಗೆ ಬಂದದ್ದು ಕಡಿಮೆ.

ಗೋಡೆ ಬೀಳಲಿಲ್ಲ. ಕಾಕಾ ತಾವೇ ಕಲ್ಲು ಕಲ್ಲಾಗಿ ಬಿಚ್ಚಿದರು. "ನಿಂತ ಗೋಡಿ ಕೆಡವಾಕತ್ತಾನ" ಎಂದು ಜನ ಆಡಿಕೊಂಡರು. ತಳಪಾಯ ತೆರೆದಾಗ ಮಾತು ನಿಂತಿತು. ಮಳೆ ಹೋಗಿ ತಿಂಗಳುಗಳಾಗಿದ್ದರೂ ಕಲ್ಲಿನಡಿಯ ಕರಿಮಣ್ಣು ಉಬ್ಬಿತ್ತು. ಹಿಡಿಯಲ್ಲಿ ಹಿಂಡಿದರೆ ನೀರು ಜಿನುಗಿತು. ಕಾಲುವೆ ಇದ್ದದ್ದು ಎರಡು ಹೊಲದ ಆಚೆ; ಅದರ ನೀರು ಮಣ್ಣೊಳಗೇ ಇಲ್ಲಿತನಕ ಬಂದಿತ್ತು.

ಕಾಕಾ ಆಳಕ್ಕೆ ಅಗೆದು, ಮರಳು ತುಂಬಿ, ಹೊಸ ಗೋಡೆ ಎಬ್ಬಿಸಿದರು. ಮರುವರ್ಷ ಅದರಲ್ಲೂ ಕೂದಲೆಳೆಯಷ್ಟು ಬಿರುಕು. ಮತ್ತೊಂದು ಗಾಜು ಅಂಟಿಸಿದರು. ಅವರು ತೀರಿಕೊಂಡ ದಿನ, ಮಣ್ಣಿಗೆ ಹೋಗುವ ಮುಂಚೆ ನಾನು ಆ ಗಾಜು ನೋಡಿದ್ದೆ. ಇಡಿಯಾಗಿತ್ತು.

ಈಗ ಊರಲ್ಲಿ ಗೌಂಡಿಗಳಿದ್ದಾರೆ; ಗಾಜು ನೋಡುವವರಿಲ್ಲ... ಹೋದ ತಿಂಗಳು ನೋಡಿದಾಗ ಆ ಗಾಜಿನಲ್ಲಿ ಅಡ್ಡಕ್ಕೆ ಸೀಳುಗೆರೆ ಬಿದ್ದಿತ್ತು. ಹೊಸದಾಗಿ ಬಂದ ಪಾಸ್ಟರಿಗೆ ಅದು ಯಾತಕ್ಕೆಂದು ಗೊತ್ತಿರಲಿಲ್ಲ. ಎಲ್ಲ ಬಿಡಿಸಿ ಹೇಳಿದೆ.

"ಹಬ್ಬಕ್ಕ ಎಲ್ಲಾ ಸರಿ ಮಾಡಸ್ತೀವ್ರಿ," ಅಂದರು.

ಹೋದ ಭಾನುವಾರ ಗೋಡೆ ಬೆಳ್ಳಗಿತ್ತು. ಸುಣ್ಣವನ್ನು ಗಾಜಿನ ಮೇಲೂ ಹಚ್ಚಿದ್ದಾರೆ. ಮಕ್ಕಳನ್ನು ಆ ಗೋಡೆಯ ಬದಿಗೆ ಕೂಡಿಸಿದ್ದರು.