ಸತ್ತ ಗ್ರಹದ ಏಳು ಬಂಗಡೆ

ನನ್ನ ಅಪ್ಪ ತನ್ನ ಜೀವಮಾನದಲ್ಲಿ ನಲವತ್ತೊಂದು ಹೊಸ ಜೀವಿಗಳನ್ನು ಕಂಡುಹಿಡಿದ. ಅವುಗಳಲ್ಲಿ ಒಂದೂ ಭೂಮಿಯ ಮೇಲಿನದಲ್ಲ. ಎಲ್ಲದರ ವಿವರವೂ ಗೆರೆ ಎಳೆದ ಉದ್ದ ಪುಸ್ತಕವೊಂದರಲ್ಲಿ ನನ್ನ ಅಕ್ಷರದಲ್ಲಿದೆ: ಯಾವ ಗ್ರಹ, ಯಾವ ಬಣ್ಣ, ಕಾಲೆಷ್ಟು, ಅಪ್ಪ ಇಟ್ಟ ಹೆಸರೇನು. ಕೊನೆಯ ಕಾಲಮ್ಮು ಅವನ ಹಠಕ್ಕೆ ಸೇರಿಸಿದ್ದು. ಅದರಲ್ಲಿ ಕೆಲವು ಕಡೆ ‘ಹುರಿಯೂಕೆ’ ಎಂದೂ ಕೆಲವು ಕಡೆ ‘ಸಾರಿಗೆ’ ಎಂದೂ ಬರೆದಿದೆ. ತಿನ್ನಲಾಗದ್ದು ಎಂದು ಅವನು ತಳ್ಳಿಹಾಕಿದ್ದು ಆರೇಳು ಮಾತ್ರ.

ತೊಂಬತ್ತರ ದಶಕದ ನಡುವಿನ ಮಾತು. ಕಾರವಾರದ ಪೇಟೆಯಲ್ಲಿ ಬಟ್ಟೆ ಅಂಗಡಿಯೊಂದರ ಮಾಳಿಗೆಯ ಮೇಲಿದ್ದ ಕಂಪ್ಯೂಟರ್ ಕ್ಲಾಸಿನಲ್ಲಿ ನಾನು ಪಾಠ ಹೇಳುತ್ತಿದ್ದೆ. ಪಾಠವೆಂದರೆ ದೊಡ್ಡದೇನಲ್ಲ, ನಾನು ಎರಡು ತಿಂಗಳ ಹಿಂದೆ ಕಲಿತದ್ದನ್ನು ಇವತ್ತು ಸೇರಿದವರಿಗೆ ಗಂಭೀರ ಮುಖ ಮಾಡಿಕೊಂಡು ಹೇಳಿಕೊಡುವುದು. ಚಪ್ಪಲಿ ಹೊರಗೆ ಬಿಟ್ಟು, ಕಾಲೊರೆಸಿಕೊಂಡು ಒಳಗೆ ಬರಬೇಕಿತ್ತು. ದೇವಸ್ಥಾನಕ್ಕೂ ನಾವು ಅಷ್ಟು ಕಾಲು ಒರೆಸಿಕೊಂಡು ಹೋದವರಲ್ಲ. ಆರು ಕಂಪ್ಯೂಟರುಗಳಲ್ಲಿ ಐದರ ಪರದೆ ಕಪ್ಪು ಬಿಳುಪು. ಬಣ್ಣದ್ದು ಒಂದೇ, ಅದು ಮಾಲೀಕರ ಕೋಣೆಯಲ್ಲಿ. ಮಾಲೀಕರೋ, ಕಾರವಾರದ ಎಲ್ಲ ಅಂಗಡಿಕಾರರ ಹಾಗೆ ಒಂದು ಗಂಟೆಗೆ ಊಟಕ್ಕೆ ಹೋದರೆ ಒಂದು ನಿದ್ದೆ ತೆಗೆದು ಬರುವುದು ನಾಲ್ಕಕ್ಕೆ. ಬೀಗದ ಕೈ ನನ್ನ ಹತ್ತಿರ ಇರುತ್ತಿತ್ತು.

ಆ ಬಣ್ಣದ ಕಂಪ್ಯೂಟರಿನಲ್ಲಿ ಒಂದು ಆಟವಿತ್ತು. ಗೋವಾದಿಂದ ಯಾರೋ ನಾಲ್ಕು ಫ್ಲಾಪಿಗಳಲ್ಲಿ ತಂದು ಹಾಕಿದ್ದು. ಅದರಲ್ಲಿ ಯಾರನ್ನೂ ಕೊಲ್ಲಬೇಕಾಗಿರಲಿಲ್ಲ, ಹಾಗಾಗಿ ಕ್ಲಾಸಿನ ಹುಡುಗರು ಅದನ್ನು ಮುಟ್ಟುತ್ತಿರಲಿಲ್ಲ. ಒಂದು ನೌಕೆ. ಅದನ್ನು ಗ್ರಹದಿಂದ ಗ್ರಹಕ್ಕೆ ಹಾರಿಸಿಕೊಂಡು ಹೋಗಬೇಕು. ಗ್ರಹದ ಮೇಲೆ ಜೀವ ಇದೆಯೋ ಇಲ್ಲವೋ ಎಂದು ಇಳಿಯುವ ಮೊದಲೇ ಒಂದು ಸಾಲು ತೋರಿಸುತ್ತದೆ. ಇದ್ದರೆ ಇಳಿದು, ಚಿಕ್ಕ ಗಾಡಿಯಲ್ಲಿ ತಿರುಗಾಡಿ, ಕಲ್ಲಿನ ಬುಡದಲ್ಲೋ ನೀರಿನಲ್ಲೋ ಅಡಗಿದ ಪ್ರಾಣಿಯನ್ನು ಹುಡುಕಿ, ಹತ್ತಿರ ಹೋಗಿ ಒಂದು ಕೀಲಿ ಒತ್ತಬೇಕು. ಆಗ ಅದು ಹೆಸರು ಕೇಳುತ್ತದೆ. ನಾವು ಇಟ್ಟದ್ದೇ ಹೆಸರು.

ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿ, ಆಮೇಲೆ ಟೈಪಿಂಗ್ ಹೇಳಿಕೊಡುವ ಹಣೆಬರಹ ಬಂದವಳಿಗೆ ಇದಕ್ಕಿಂತ ಹೆಚ್ಚಿನದೇನು ಬೇಕು? ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ನಾನು ವಿಜ್ಞಾನಿ.

ಅಪ್ಪ ಇದರೊಳಗೆ ಬಂದದ್ದು ಊಟದ ಡಬ್ಬಿಯ ಜೊತೆ. ಆಗ ನಾವು ಮೂವರೂ ಶಿರವಾಡದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಆಯಿ, ಅಂದರೆ ನನ್ನ ಅಮ್ಮ, ಬೆಳಿಗ್ಗೆ ಮೀನು ಮಾರಿ ಬಂದು ಅಡಿಗೆ ಮಾಡಿದರೆ ಅಪ್ಪ ಬಿಸಿ ಡಬ್ಬಿ ಹಿಡಿದು ಬಸ್ಸು ಹತ್ತುತ್ತಿದ್ದ. ಅವನಿಗೆ ಬೇರೆ ಕೆಲಸ ಇರಲಿಲ್ಲ. ಅವನನ್ನು ಸಮುದ್ರ ಹತ್ತು ವರ್ಷಗಳ ಹಿಂದೆಯೇ ಕೆಲಸದಿಂದ ಬಿಡಿಸಿತ್ತು.

ಅದೇನು ಕೆಲಸವೆಂದು ಹೇಳಬೇಕು. ನಾನು ಚಿಕ್ಕವಳಿದ್ದಾಗ ನಮ್ಮದು ಅಂಕೋಲೆಯ ಕಡೆಯ ಕಡಲಂಚಿನ ಊರು. ಎಂಬತ್ತರ ದಶಕದ ಮೊದಲ ವರ್ಷಗಳವು. ರಂಪಣಿ, ಅಂದರೆ ಊರಿನವರೆಲ್ಲ ಸೇರಿ ದಡದಿಂದ ಎಳೆಯುವ ದೊಡ್ಡ ಬಲೆ, ಆಗ ಇನ್ನೂ ಪೂರ್ತಿ ನಿಂತಿರಲಿಲ್ಲ. ಬಲೆ ಎಲ್ಲಿ ಬಿಡಬೇಕೆಂದು ಹೇಳುವುದು ಅಪ್ಪನ ಕೆಲಸ. ಅವನು ಗುಡ್ಡದ ತುದಿಯಲ್ಲಿ ನಿಂತು ನೀರು ನೋಡುತ್ತಿದ್ದ. ಬಂಗಡೆಯ ಹಿಂಡು ಬಂದಿದೆ ಎಂದು ಖಾತ್ರಿಯಾದ ಮೇಲೆ ಕೆಂಪು ವಸ್ತ್ರ ಎತ್ತುತ್ತಿದ್ದ. ಅವನ ಕೈ ಮೇಲೇಳುವವರೆಗೆ ಕೆಳಗೆ ದೋಣಿ ಅಲುಗಾಡುವಂತಿಲ್ಲ. ಅವನಿಗೆ ಗಂಜಿ ಒಯ್ಯುತ್ತಿದ್ದವಳು ನಾನು. ಎಷ್ಟು ಕಣ್ಣು ಕಿರಿದು ಮಾಡಿ ನೋಡಿದರೂ ನನಗೆ ಒಂದು ಮೀನೂ ಕಂಡದ್ದಿಲ್ಲ. ಅವನು ನಗುತ್ತಿದ್ದ.

“ಮೀನ ನೋಡೂಕೆ ಹೋಗ್ಬೇಡ. ನೀರ್ ನೋಡ. ಬಣ್ಣ ಎಲ್ಲಿ ಬೇರೆ ಅದೆ, ಮೀನ ಅಲ್ಲೇ ಅದೆ.”

ಆ ಕೆಲಸಕ್ಕೆ ಒಂದು ಕಟ್ಟಳೆ ಇತ್ತು. ನೋಡುವವನಿಗೆ ತನ್ನ ಕಣ್ಣಿನ ಮೇಲೆ ಅನುಮಾನ ಬಂದ ದಿನ, ಕಾರಣ ಹೇಳದೆ, ವಸ್ತ್ರವನ್ನು ಮಡಚಿ ಮತ್ತೊಬ್ಬನ ಕೈಗೆ ಕೊಡಬೇಕು. ಯಾರೂ ಏನೂ ಕೇಳುವಂತಿಲ್ಲ. ಅಪ್ಪನಿಗೆ ಅದನ್ನು ಯಾರಿಗೂ ಕೊಡುವ ಪ್ರಸಂಗ ಬರಲಿಲ್ಲ. ಯಂತ್ರದ ದೋಣಿಗಳು ಬಂದವು, ರಂಪಣಿ ನಿಂತಿತು, ವಸ್ತ್ರ ಅವನ ಟ್ರಂಕಿನಲ್ಲೇ ಉಳಿಯಿತು. ಅದನ್ನು ಅವನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಹೇಳಿ ಹೇಳಿ ನಮಗೆ ಬಾಯಿಪಾಠವಾಗಿತ್ತು.

ಮೊದಲ ದಿನ ಡಬ್ಬಿ ಇಟ್ಟು ನನ್ನ ಹಿಂದೆ ಸ್ಟೂಲಿನ ಮೇಲೆ ಕುಳಿತ ಅಪ್ಪ, ಹಸಿರು ನೀರಿನ ಗ್ರಹವೊಂದನ್ನು ನೋಡಿ ಇದು ಯಾವ ಊರೆಂದು ಕೇಳಿದ. ಬೇರೆ ನಕ್ಷತ್ರದ್ದು ಎಂದೆ. ಅದಕ್ಕೆ ಅವನಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. ನಾನು ಅರ್ಧ ತಾಸಿನಿಂದ ಹುಡುಕುತ್ತಿದ್ದೆ, ಅವನು ಬಲಗಡೆ ಹೋಗೆಂದ. ಹೋದೆ. ಕಂದು ಬಣ್ಣದ ಏನೋ ಒಂದು ಸರಿದಾಡುತ್ತಿತ್ತು. ನೊಗ್ಲಿ ಮೀನು ಎಂದ ಅಪ್ಪ, ತಲೆ ನೋಡಿದರೆ ಗೊತ್ತಾಗುವುದಿಲ್ಲವೇ ಎಂದು ನನ್ನನ್ನೇ ಬೈದ. ನೊಗ್ಲಿ ಎಂದೇ ಹೆಸರು ಹಾಕಿದೆ.

ಹಾಗೆ ನಮ್ಮ ಸಂಶೋಧನೆ ಶುರುವಾಯಿತು. ಕೆಂಪು ಗ್ರಹದಲ್ಲಿ ಶೆಟ್ಲಿ, ಅಂದರೆ ಸಿಗಡಿ, ಸಿಕ್ಕಿತು, ಅದಕ್ಕೆ ಆರು ಕಣ್ಣು. ಎರಡು ಸೂರ್ಯರಿರುವ ಕಡೆ ಮೂರು ಕಾಲಿನ ಏಡಿ. ಹಿಮದ ಗ್ರಹದಲ್ಲಿ ರೆಕ್ಕೆಯಿರುವ ತಾರ್ಲೆ ಮೀನು. ನಾನು ಕಾಲೇಜಿನಲ್ಲಿ ಕಲಿತ ವರ್ಗೀಕರಣ ಹೇಳಹೊರಟರೆ ಅಪ್ಪ ಅದಕ್ಕೆ ಹುಳಿ ಹಾಕಬೇಕೋ ಬೇಡವೋ ಎಂದು ಯೋಚಿಸುತ್ತಿದ್ದ. ಮನೆಗೆ ಹೋಗಿ ಆಯಿಗೆ ಇವತ್ತು ಎಷ್ಟು ಸಿಕ್ಕಿತೆಂದು ವರದಿ ಒಪ್ಪಿಸುತ್ತಿದ್ದ. ಅಲ್ಲಿಯದು ಇಲ್ಲಿ ಮಾರಲು ಬರುತ್ತದೆಯೇ ಎಂದು ಆಯಿ ಕೇಳಿದಾಗ, ಬರುವಷ್ಟರಲ್ಲಿ ಕೊಳೆತುಹೋಗುತ್ತದೆ ಎಂದು ವಿವರಿಸಿದ.

ಅವನ ಕಣ್ಣಿನ ಸಂಗತಿ ನಮಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು, ಹೇಳುವ ಧೈರ್ಯ ಇರಲಿಲ್ಲ. ಬಸ್ಸಿನ ಬೋರ್ಡುಗಳನ್ನು ಈಗಿನವರು ನೆಟ್ಟಗೆ ಬರೆಯುವುದಿಲ್ಲ ಎಂದು ಅವನು ದೂರುತ್ತಿದ್ದ. ತಿಂಗಳುಗಟ್ಟಲೆ ಆಯಿ ಅವನ ತಟ್ಟೆಯ ತಾರ್ಲೆಯ ಮುಳ್ಳನ್ನು ಅಡಿಗೆಮನೆಯಲ್ಲೇ ಬಿಡಿಸಿ, ಮೀನನ್ನು ಮತ್ತೆ ಮೀನಿನ ಹಾಗೆ ಜೋಡಿಸಿ ಬಡಿಸುತ್ತಿದ್ದಳು. ಇತ್ತೀಚೆಗೆ ತಾರ್ಲೆಗೆ ಮುಳ್ಳು ಕಡಿಮೆಯಾಗಿದೆ, ಸಮುದ್ರ ಕೆಟ್ಟಿದ್ದರ ಗುರುತು ಇದು ಎಂದು ಅಪ್ಪ ನಮಗೆ ಪಾಠ ಹೇಳಿದ. ಆಯಿ ಹೌದೆಂದಳು. ಅಂಕೋಲೆಯಲ್ಲಿ ಮದುವೆಯ ಊಟ ಮುಗಿಸಿ ಕಾರವಾರದ ಬಸ್ಸು ಹತ್ತಬೇಕಾದವನು ಒಮ್ಮೆ ಯಲ್ಲಾಪುರದ ಬಸ್ಸು ಹತ್ತಿ ರಾಮನಗುಳಿಯಲ್ಲಿ ಇಳಿದ. ಹೊತ್ತು ಮುಳುಗುವಾಗ ಮನೆಗೆ ಬಂದು, ನೆಂಟರ ಮನೆಗೆ ಹೋಗಿದ್ದೆ ಎಂದ. ರಾಮನಗುಳಿಯಲ್ಲಿ ನಮಗೆ ಯಾವ ನೆಂಟರೂ ಇಲ್ಲ.

ಡಾಕ್ಟರರ ಹೆಸರೆತ್ತಿದರೆ ಸಾಕು, ಅಪ್ಪ ನನ್ನ ಪುಸ್ತಕವನ್ನೇ ಸಾಕ್ಷಿಗೆ ಕರೆಯುತ್ತಿದ್ದ. ಕಣ್ಣು ಹೋದವನು ಬೇರೆ ಗ್ರಹದಲ್ಲಿ ಮೀನು ಹಿಡಿಯುತ್ತಾನೆಯೇ? ಡಿಗ್ರಿ ಮಾಡಿದ ಮಗಳಿಗೆ ಕಾಣದ್ದು ತನಗೆ ಕಂಡಿದೆಯೋ ಇಲ್ಲವೋ? ನಾನು ಡಾಕ್ಟರರ ಮಾತು ಬಿಟ್ಟುಬಿಡುತ್ತಿದ್ದೆ. ಯಾಕೆಂದರೆ ಅದು ನಿಜವಾಗಿತ್ತು. ಮತ್ತೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಮಧ್ಯಾಹ್ನಗಳು ನನಗೆ ಬೇಕಾಗಿದ್ದವು. ಗುಡ್ಡದ ಮೇಲೆ ನನಗೆ ಕಾಣದೇ ಹೋದ ಮೀನುಗಳೆಲ್ಲ ಈಗ ಒಂದೊಂದಾಗಿ ಸಿಗುತ್ತಿದ್ದವು.

ಒಂದು ದಿನ ನೌಕೆಯ ಇಂಧನ ಮುಗಿಯುತ್ತ ಬಂದು, ಅದನ್ನು ತುಂಬಿಸಿಕೊಳ್ಳಲು ಒಂದು ಬೂದು ಗ್ರಹದಲ್ಲಿ ಇಳಿಸಿದೆ. ಇಲ್ಲಿ ಜೀವ ಇಲ್ಲ ಎಂದು ಆ ಸಾಲು ಮೊದಲೇ ತೋರಿಸಿತ್ತು. ಅಷ್ಟರಲ್ಲಿ ಡಬ್ಬಿ ಹಿಡಿದು ಬಂದ ಅಪ್ಪ ತನ್ನ ಸ್ಟೂಲಿನಲ್ಲಿ ಕುಳಿತ. ಸ್ವಲ್ಪ ಹೊತ್ತು ನೋಡಿ, ತಟ್ಟನೆ ಕೈ ಎತ್ತಿದ. ಗುಡ್ಡದ ಮೇಲೆ ವಸ್ತ್ರ ಎತ್ತುತ್ತಿದ್ದ ಹಾಗೆಯೇ.

“ಎಡಕ್ಕೆ. ಬಂಗಡೆ. ಏಳ ಅವೆ, ಬರ್ಕೊ.”

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ಎಡಕ್ಕೆ ಹೋದೆ, ಬರೀ ಬೂದಿ. ಕೀಲಿ ಒತ್ತಿದರೆ ಇಲ್ಲಿ ಏನೂ ಇಲ್ಲ ಎಂದಿತು. ಅವನು ಇನ್ನೂ ಎಡಕ್ಕೆ ಎಂದ, ಹಿಂಡು ಸರಿಯಿತು ಎಂದ, ನಿನ್ನ ಮಶಿನ್ನಿಗೆ ಕಣ್ಣಿಲ್ಲ ಎಂದ. ಅವನ ಮುಖ ನೋಡಿದೆ. ಅವನಿಗೆ ನಿಜವಾಗಿಯೂ ಕಾಣುತ್ತಿತ್ತು.

“ಅಪ್ಪಾ, ಇದು ಸತ್ತ ಗ್ರಹ. ಇಲ್ಲಿ ಏನೂ ಇಲ್ಲ, ಇಳಿಯೂಕೆ ಮೊದ್ಲೇ ತೋರ್ಸಿತ್ತು.”

ಅವನು ಕೈ ಇಳಿಸಿದ. ನಾನು ಉಂಡು ಮುಗಿಸುವವರೆಗೆ ಕಾದು, ಖಾಲಿ ಡಬ್ಬಿ ತೆಗೆದುಕೊಂಡು ಮೆಟ್ಟಿಲಿಳಿದ. ಆಮೇಲೆ ನಾನು ಅವನ ಸ್ಟೂಲಿನಲ್ಲಿ ಕುಳಿತು ನೋಡಿದೆ. ಕಿಟಕಿಯ ಹೊರಗಿನ ತೆಂಗಿನ ಗರಿಗಳ ನೆರಳು ಪರದೆಯ ಗಾಜಿನ ಮೇಲೆ ಬಿದ್ದು ಅತ್ತಿತ್ತ ಆಡುತ್ತಿತ್ತು. ಏಳೆಂಟು ಗರಿ ಇದ್ದಿರಬೇಕು.

ಮೂರು ದಿನ ಅಪ್ಪ ಬರಲಿಲ್ಲ. ಬೆಳಿಗ್ಗೆಯೇ ನಾನು ತಣ್ಣಗಿನ ಡಬ್ಬಿ ಒಯ್ದೆ. ಆಟ ಹಚ್ಚುವ ಮನಸ್ಸಾಗಲಿಲ್ಲ. ಹೇಳದೇ ಇದ್ದರೆ ಆಗುತ್ತಿತ್ತೇನೋ, ಏಳು ಬಂಗಡೆ ಬರೆದುಕೊಂಡಿದ್ದರೆ ಯಾರ ಗಂಟು ಹೋಗುತ್ತಿತ್ತು ಎಂದು ಅನಿಸಿತು. ಮನೆಯಲ್ಲಿ ಅವನು ಊಟ ಮಾಡುವಾಗ ತಾರ್ಲೆಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದ. ಮುಳ್ಳು ಎಲ್ಲಿ ಹೋಯಿತೆಂದು ಅವನಿಗೆ ಗೊತ್ತಾಗಿತ್ತು. ಆಯಿ ತಲೆ ತಗ್ಗಿಸಿಕೊಂಡು ಅನ್ನ ಬಡಿಸಿದಳು.

ನಾಲ್ಕನೆಯ ದಿನ ಬಂದ. ಬಿಸಿ ಡಬ್ಬಿಯ ಜೊತೆ ಕಂಕುಳಲ್ಲಿ ಏನೋ ಇತ್ತು. ಡಾಂಬರು ಗುಳಿಗೆಯ ವಾಸನೆ ಹೊಡೆಯುತ್ತಿದ್ದ ಆ ಕೆಂಪು ವಸ್ತ್ರ, ನಾಲ್ಕು ಮಡಿಕೆ ಮಾಡಿದ್ದು. ಅದನ್ನು ನನ್ನ ಕೈಯಲ್ಲಿಟ್ಟ. ಕಟ್ಟಳೆಯ ಪ್ರಕಾರ ನಾನು ಏನೂ ಕೇಳಲಿಲ್ಲ.

“ಯಾವಾಗ ಹೋಗೂದು ಹೇಳ,” ಎಂದ.

ಆಸ್ಪತ್ರೆಯಲ್ಲಿ ಒಂದು ಕಣ್ಣಿನ ಪೊರೆ ತೆಗೆದರು. ಇನ್ನೊಂದನ್ನು ಕೆಲವು ತಿಂಗಳು ಬಿಟ್ಟು ನೋಡುವುದೆಂದರು. ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಕುಳಿತ ದಿನಗಳಲ್ಲಿ ಅಪ್ಪ ಮನೆಯವರ ಜೀವ ತಿಂದ. ತಲೆ ತೊಳೆಯಬಾರದು ಎಂದರೆ ತೊಳೆಯಬೇಕು, ಬಗ್ಗಬಾರದು ಎಂದರೆ ಏನಾದರೂ ಬೀಳಿಸಿ ಹೆಕ್ಕಬೇಕು. ಬಟ್ಟೆ ಬಿಚ್ಚಿ, ಕನ್ನಡಕ ಬಂದ ದಿನ ಮೊದಲು ಆಯಿಯ ಮುಖ ನೋಡಿ, ಕೂದಲು ಯಾವಾಗ ಇಷ್ಟು ಬೆಳ್ಳಗಾಯಿತೆಂದು ಕೇಳಿದ. ಆಯಿ ಅವತ್ತಿನಿಂದ ತಾರ್ಲೆಯನ್ನು ಮುಳ್ಳಿನ ಸಮೇತ ಬಡಿಸತೊಡಗಿದಳು.

ಕ್ಲಾಸಿಗೆ ಅವನು ಮತ್ತೆ ಬರುವ ದಿನ ನಾನು ಹಬ್ಬದ ತಯಾರಿ ಮಾಡಿದ್ದೆ. ಪರದೆಯ ಗಾಜು ಒರೆಸಿದೆ, ಗರಿಗಳ ನೆರಳು ಬೀಳದಂತೆ ಕಿಟಕಿಗೆ ಬಟ್ಟೆ ಎಳೆದೆ. ನಮ್ಮ ಮೊದಲ ಗ್ರಹವನ್ನೇ, ಹಸಿರು ನೀರಿನದನ್ನೇ ಹಚ್ಚಿಟ್ಟೆ. ಮೆಟ್ಟಿಲನ್ನು ತಡಕದೆ ಹತ್ತಿಬಂದ ಅಪ್ಪ, ಕೆಳಗಿನ ಅಂಗಡಿಯ ಬೋರ್ಡಿನಲ್ಲಿ ಒಂದು ತಪ್ಪಿದೆ ಎಂದು ಹೇಳಿಯೇ ಒಳಗೆ ಬಂದ. ಸ್ಟೂಲಿನಲ್ಲಿ ಕುಳಿತ. ನೋಡಿದ. ಬಗ್ಗಿ ಇನ್ನೂ ಹತ್ತಿರದಿಂದ ನೋಡಿದ.

“ಇದೆಂತದು ಮಗಾ? ಬರೀ ಚೌಕ್ ಚೌಕ್.”

ಹೌದು. ನೊಗ್ಲಿ ಎಂದು ನಾವು ಬರೆದುಕೊಂಡದ್ದು ಹದಿನಾಲ್ಕು ಕಂದು ಚೌಕಗಳು. ನೀರೆಂದರೆ ಹಸಿರು ಚೌಕಗಳು. ನನಗೆ ಅವು ಯಾವತ್ತೂ ಹಾಗೆಯೇ ಕಂಡಿದ್ದವು, ಆಟವೆಂದರೆ ಹೀಗೆ ಎಂದು ಒಪ್ಪಿಕೊಂಡಿದ್ದೆ. ಅವನಿಗೆ ಮಾತ್ರ ಆ ಮಂಜುಗಣ್ಣಿನಲ್ಲಿ ಅಂಚುಗಳೆಲ್ಲ ಕರಗಿ ನಿಜವಾದ ನೀರು ಕಂಡಿತ್ತು, ನೀರಿನೊಳಗೆ ತಲೆ, ಬಾಲ, ರೆಕ್ಕೆ ಕಂಡಿದ್ದವು. ಎರಡು ತಿಂಗಳು ನಾವಿಬ್ಬರೂ ಅಕ್ಕಪಕ್ಕ ಕುಳಿತು ಬೇರೆ ಬೇರೆ ಗ್ರಹ ನೋಡಿದ್ದೆವು, ಅವನದು ಚೆನ್ನಾಗಿತ್ತು. ಅದನ್ನು ಆಸ್ಪತ್ರೆಗೆ ಒಯ್ದು ತೆಗೆಸಿಬಂದವಳು ನಾನು. ನನಗೆ ಬಹಳ ಬೇಜಾರಾಯಿತು.

ಅಪ್ಪ ನನ್ನ ಮುಖ ನೋಡಿದ. ಈಗ ಅದೂ ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತಲ್ಲ. ಕನ್ನಡಕ ತೆಗೆದು ಜೇಬಿಗೆ ಹಾಕಿದ. ಆಮೇಲೆ ಹೊಸ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಪೊರೆ ತೆಗೆಯದ ಹಳೆಯ ಕಣ್ಣಿನಿಂದ ಪರದೆಯನ್ನು ದಿಟ್ಟಿಸಿದ.

“ಹಾಂ. ಈಗ ಬಂತು,” ಎಂದ. “ಎಡಕ್ಕೆ ಹೋಗ. ಸಾವಕಾಶ.”

ನಾನು ಎಡಕ್ಕೆ ಹೋದೆ. ಅವನ ಖಾಲಿ ಕೈ ಮೆಲ್ಲಗೆ ಮೇಲೇಳತೊಡಗಿ, ಅರ್ಧಕ್ಕೆ ನಿಂತಿತು.

“ಇದು ಹಳೇ ಕಣ್ಣ. ಇದ್ನ ನಂಬೂಕೆ ಹೋಗ್ಬೇಡ. ವಸ್ತ್ರ ನಿನ್ನ ಹತ್ರ ಅದೆ, ನೀನೇ ನೋಡ್ಕಂಡ ಬರಿ.”

ನೋಡಿದೆ. ಹಸಿರಿನ ನಡುವೆ ಒಂದು ಕಡೆ ಬಣ್ಣ ಸ್ವಲ್ಪ ಬೇರೆ ಇತ್ತು. ಹತ್ತಿರ ಹೋಗಿ ಕೀಲಿ ಒತ್ತಿದೆ. ಹೆಸರು ಕೇಳಿತು. ಬಂಗಡೆ ಎಂದು ಬರೆದೆ.