ಬೂಟಿನಲ್ಲಿ ಗಜ್ಜರಿ ಇಡುವವರು

ಹೋದ ವಾರ ನಾನು ಒಬ್ಬ ಸಂತನ ಕುದುರೆಯನ್ನು ಉಪವಾಸ ಕೆಡವಿದೆ. ಗೊತ್ತಿದ್ದು ಮಾಡಿದ್ದಲ್ಲ.

ಡಚ್ಚರ ದೇಶದ ಲೈಡನ್‌ನಲ್ಲಿ ನನ್ನ ಮಗಳ ಮನೆ. ಸಂಜೆ ದೇವರಿಗೆ ದೀಪ ಹಚ್ಚಲು ಹೋದರೆ ಹೀಟರಿನ ಪಕ್ಕ ಮೊಮ್ಮಗಳ ಬೂಟು. ಬೂಟಿನೊಳಗೆ ಒಂದು ಗಜ್ಜರಿ. (ಬೆಂಗಳೂರಿನವರು ಕ್ಯಾರೆಟ್ ಎಂದು ಓದಿಕೊಳ್ಳಿ.) ತಿನ್ನುವ ವಸ್ತು ಬೂಟಿನಲ್ಲಿ! ಅದೂ ದೇವರ ಎದುರಿಗೆ! ಗಜ್ಜರಿಯನ್ನು ಕಸಕ್ಕೆ ಎಸೆದೆ, ಬೂಟನ್ನು ಬಾಗಿಲಾಚೆ ಇಟ್ಟೆ, ಕೈ ತೊಳೆದು ದೀಪ ಹಚ್ಚಿದೆ.

ಬೆಳಿಗ್ಗೆ ಏಳು ವರ್ಷದ ಮೇಘಾ ಅತ್ತ ಅಳುವಿಗೆ ಓಣಿಯೇ ಎದ್ದಿತು.

"ಅವ್ವಾ, ಏನ ಮಾಡೀದಿ ನೀ?" ಎಂದಳು ಮಗಳು ಸುಜಾತಾ. "ಸಿಂಟರ್‌ಕ್ಲಾಸ್ ಕುದುರಿ ಮ್ಯಾಲೆ ಬರ್ತಾನಂತ. ಕುದುರಿಗೆ ಗಜ್ಜರಿ ಇಟ್ರ ಬೂಟಿನಾಗ ಮಿಠಾಯಿ ಇಟ್ಟು ಹೋಗ್ತಾನಂತ. ಇಲ್ಲಿ ಎಲ್ಲಾ ಮಕ್ಕಳೂ ಇಡ್ತಾವ." ಆಮೇಲೆ ನನ್ನ ಕಿವಿಯಲ್ಲಿ, "ಮಿಠಾಯಿ ಇಡಾಕ ಬಂದ್ರ ಬೂಟೇ ಇರಲಿಲ್ಲ. ಹುಡುಗಿ ಮರ್ತಾಳ ಅಂತ ನಾ ಮಲ್ಕೊಂಡೆ."

"ಬೂಟಿನಾಗ ಮಿಠಾಯಿ? ಅವ ಎಂಥಾ ಸಂತ?"

ಅಷ್ಟರಲ್ಲಿ ಪಕ್ಕದ ಮನೆಯ ಮೀಪ್ ಬಂದಳು. ಡಚ್ ಮುದುಕಿ. ನನ್ನದೇ ವಯಸ್ಸು, ಮೊಣಕಾಲು ಮಾತ್ರ ನನ್ನವಕ್ಕಿಂತ ಗಟ್ಟಿ. ಈಗಲೂ ಸೈಕಲ್ ಹೊಡೆಯುತ್ತಾಳೆ. ಕೈಯಲ್ಲಿ ಚಾಕೊಲೇಟಿನಲ್ಲಿ ಮಾಡಿದ ಅಂಗೈಯಗಲದ 'ಎಂ' ಅಕ್ಷರ. ಸಂತ ದಾರಿ ತಪ್ಪಿ ಮೇಘಾಳ ಪಾಲನ್ನು ಇವಳ ಮನೆಯಲ್ಲಿ ಇಟ್ಟುಹೋಗಿದ್ದನಂತೆ!

"ಓಮಾ ಮೀಪ್!" ಎಂದು ಹುಡುಗಿ ಅವಳ ಕೊರಳಿಗೆ ಬಿತ್ತು. ಓಮಾ ಎಂದರೆ ಅಜ್ಜಿ. ನಿಜವಾದ ಅಜ್ಜಿ ಕಸದ ಬುಟ್ಟಿಯ ಪಕ್ಕ ನಿಂತಿತ್ತು.

ಹೊಟ್ಟೆ ಉರಿಯಿತು. ಸುಳ್ಳೇಕೆ ಹೇಳಲಿ?

"ಮೇಘಾ, ಟೀವ್ಯಾಗ ಬರ್ತಾನಲ್ಲ, ಡೊಳ್ಳಹೊಟ್ಟಿ ಸಾಂಟಾ, ಅವನೇ ಚಲೋ. ಅವಗ ಗಜ್ಜರಿನೂ ಬ್ಯಾಡ, ಬೂಟೂ ಬ್ಯಾಡ," ಎಂದೆ.

"ಯೆಸ್ ಅಜ್ಜಿ! ಸಾಂಟಾ ಬಿಗ್ ಪ್ರೆಸೆಂಟ್ಸ್ ತರ್ತಾನೆ!" ಎಂದು ಹುಡುಗಿ ಚಾಕೊಲೇಟ್ ಹಿಡಿದು ಒಳಗೆ ಓಡಿತು.

ಅಷ್ಟು ಇಂಗ್ಲಿಷು ಮೀಪ್‌ಗೂ ತಿಳಿಯುತ್ತದೆ. ಮುಖ ಸಣ್ಣದಾಯಿತು. ಸುಜಾತಾಳ ಹತ್ತಿರ ಉದ್ದಕ್ಕೆ ಏನೋ ಹೇಳಿದಳು.

"ಆ ಸಾಂಟಾನೂ ಇವರ ಸಿಂಟರ್‌ಕ್ಲಾಸೇ ಅಂತ, ಅವ್ವಾ. ನ್ಯೂಯಾರ್ಕ್ ಮದಲ ಡಚ್ಚರ ಊರು. ಹಡಗಿನಾಗ ಹೋದವರು ಸಂತನ್ನೂ ಕಟಗೊಂಡು ಹೋದ್ರು. ಅಲ್ಲಿ ಉಂಡು ಉಂಡು ದಪ್ಪ ಆಗ್ಯಾನ."

ಮೀಪ್ ಬೆರಳು ಮಡಿಚತೊಡಗಿದಳು. ಅಮೆರಿಕದವರ ಕುಕೀ ಇವರದು. ಹೊಸ ವರ್ಷಕ್ಕೆ ಇವರು ಎಣ್ಣೆಯಲ್ಲಿ ಕರಿಯುವ ಉಂಡೆಯೇ ಅಲ್ಲಿ ಡೋನಟ್ ಆಯಿತು. ಅಲ್ಲಿಯವರ ಎಲೆಕೋಸಿನ ಕೋಸಂಬರಿಯೂ ಇವರದು. 'ಬಾಸ್' ಅನ್ನುವ ಮಾತೂ ಇವರದು.

ಬಾಸೂ? ಹುಬ್ಬಳ್ಳಿಯ ಹತ್ತಿ ಫ್ಯಾಕ್ಟರಿಯಲ್ಲಿ ನನ್ನ ಗಂಡ ಜೀವಮಾನವಿಡೀ ಮ್ಯಾನೇಜರನ್ನು ಕರೆದದ್ದು ಇವಳ ಊರಿನ ಮಾತಿನಲ್ಲಿ!

ನೀವೇ ಯೋಚಿಸಿ. ಆ ಊರನ್ನು ಇವರು ಐವತ್ತು ವರ್ಷವೂ ಆಳಲಿಲ್ಲವಂತೆ. ಇಂಗ್ಲಿಷರು ಕಸಿದುಕೊಂಡು ಮುನ್ನೂರು ಚಿಲ್ಲರೆ ವರ್ಷವಾಯಿತಂತೆ. ಆದರೂ ಒಂದು ಇಡೀ ದೇಶದ ಬಾಯಲ್ಲಿ ಇವರ ತಿಂಡಿ, ಇವರ ಮಾತು, ಇವರ ಸಂತ. ನಾನು ಇಲ್ಲಿಗೆ ಬಂದು ಹತ್ತು ತಿಂಗಳು. ಒಂದೇ ಒಂದು ಮಗುವಿನ ಬಾಯಲ್ಲಿ ನನ್ನದೇನಿದೆ? ಗೋಧಿ-ಬೆಲ್ಲದ ಮಾದಲಿ ಕೊಟ್ಟರೆ 'ಡ್ರೈ' ಅನ್ನುತ್ತದೆ. ಕತೆ ಶುರು ಮಾಡಿದರೆ 'ಬೋರಿಂಗ್'. (ಅಳಿಯ ಬರುವ ಎರಡು ಸಾವಿರನೇ ಇಸವಿಗೆ ಕಂಪ್ಯೂಟರುಗಳು ಕೆಡಬಾರದೆಂದು ಆಫೀಸಿನಲ್ಲೇ ಕಾಯುತ್ತಿದ್ದಾನೆ. ಅವನ ಮಗಳ ಕನ್ನಡ ಕೆಡದಂತೆ ಯಾರು ಕಾಯಬೇಕು?)

ಬೆರಳು ಮಡಿಚುತ್ತಿದ್ದ ಮೀಪ್ ನಡುವೆಯೇ ನಿಂತಳು. ನೈಮೆಗನ್‌ನಲ್ಲಿರುವ ಅವಳ ಸ್ವಂತ ಮೊಮ್ಮಕ್ಕಳು ಈ ವರ್ಷ ಬೂಟು ಇಡಲಿಲ್ಲವಂತೆ. ಅವರಿಗೂ ಡೊಳ್ಳುಹೊಟ್ಟೆಯವನೇ ಬೇಕಂತೆ, ಕ್ರಿಸ್‌ಮಸ್ ಗಿಡದ ಕೆಳಗೆ ದೊಡ್ಡ ದೊಡ್ಡ ಪೆಟ್ಟಿಗೆ. ಇವಳ ಸಂತನೇ ಅಮೆರಿಕಕ್ಕೆ ಹೋಗಿ ಬಂದು ಇವಳ ಸಂತನನ್ನು ಮನೆಯಿಂದ ಓಡಿಸುತ್ತಿದ್ದಾನೆ. ಮೊಮ್ಮಕ್ಕಳಿಗೆಂದು ತಂದ ಚಾಕೊಲೇಟು ಉಳಿದಿತ್ತು. ಅವಳ ಮೊಮ್ಮಗನ ಹೆಸರೂ 'ಎಂ'ನಿಂದಲೇ ಶುರುವಂತೆ.

ನನಗೆ ಅಯ್ಯೋ ಅನ್ನಿಸಬೇಕಿತ್ತು. ಖುಷಿಯಾಯಿತು. ಆ ಖುಷಿಗೇ ಚಹಾ ಕೊಟ್ಟೆ, ಜೊತೆಗೆ ಶೇಂಗಾ ಉಂಡಿ. ಮೀಪ್ ಎರಡು ತಿಂದಳು. ಮೂರನೆಯದಕ್ಕೆ ಕೈ ಹಾಕಿ, ಕೈಚೀಲದಿಂದ ಪೆನ್ಸಿಲ್ ತೆಗೆದಳು.

"ಹೆಂಗ ಮಾಡೂದು ಹೇಳವ್ವಾ, ಬರಕೋತಾರಂತ," ಎಂದಳು ಸುಜಾತಾ.

"ಒಲ್ಲೆ."

"ಅವ್ವಾ, ಚಲೋ ಕಾಣಂಗಿಲ್ಲ."

"ಕಾಣದಿದ್ರ ಬಿಡು." ಕೊಟ್ಟ ವಸ್ತು ಏನಾಗಿ ತಿರುಗಿ ಬರುತ್ತದೆ ಎಂದು ಈಗತಾನೇ ಕೇಳಿದ್ದೆನಲ್ಲ?

ಮೇಘಾಳನ್ನು ಕರೆದೆ. ಚಾಕೊಲೇಟ್ ಮೆತ್ತಿದ ಕೈ ತೊಳೆಸಿದೆ. ಹುರಿದ ಶೇಂಗಾ ಮುಂದಿಟ್ಟು ಸಿಪ್ಪೆ ಬಿಡಿಸಲು ಕೂರಿಸಿದೆ. ಕಲಿತರೆ ಇದು ಕಲಿಯಲಿ, ನನ್ನಿಂದಲೇ ಕಲಿಯಲಿ.

"ಬೆಲ್ಲ ಎಷ್ಟು, ಅಜ್ಜಿ?"

ಅಪ್ಪಟ ಕನ್ನಡ! ಎದೆ ಉಬ್ಬಿತು. ಎಷ್ಟು ಶೇಂಗಾಕ್ಕೆ ಎಷ್ಟು ಬೆಲ್ಲ, ಯಾಲಕ್ಕಿ ಯಾವಾಗ, ಕೈಗೆ ತುಪ್ಪ ಯಾಕೆ, ಎಲ್ಲ ಹೇಳಿದೆ. ನಾನು ಒಂದೊಂದು ಹೇಳಿದ ಹಾಗೂ ಆ ಹುಡುಗಿ ಅದನ್ನು ಅಲ್ಲೇ ಡಚ್ಚಿಗೆ ತಿರುಗಿಸಿ ಪಕ್ಕದಲ್ಲಿದ್ದ ಮೀಪ್‌ಗೆ ಒಪ್ಪಿಸಿತು. ಅವಳು ಒಂದಕ್ಷರ ಬಿಡದೆ ಬರೆದುಕೊಂಡಳು.

ಮುನ್ನೂರು ವರ್ಷದ ಮಾತು ಬಿಡಿ, ಮುಂದಿನ ಡಿಸೆಂಬರಿಗೆ ಈ ಉಂಡಿ ಯಾರದೆಂದು ಯಾರಾದರೂ ಕೇಳಿದರೆ, ಮೇಘಾ ಯಾವ ಅಜ್ಜಿಯ ಹೆಸರು ಹೇಳುತ್ತಾಳೆ?