ಹಳೇ ಟಾಂಕಿಯ ನೀರು ಬಿಡುವವರು

ತೊಂಬತ್ತರ ದಶಕದಲ್ಲಿ ಶಿರಸಿಯಲ್ಲಿ ಯಾರು ದಾರಿ ಕೇಳಿದರೂ ನಾವು ಮೊದಲು ತೋರಿಸುತ್ತಿದ್ದುದು ಆ ಹಳೇ ನೀರಿನ ಟಾಂಕಿಯನ್ನು. ಅಲ್ಲಿ ನೀರು ಬಿಡುತ್ತಿದ್ದವರು ನಮ್ಮ ನೆರೆಮನೆಯವರು. ದಿನಾ ಬೆಳಿಗ್ಗೆ ಕಬ್ಬಿಣದ ಏಣಿ ಹತ್ತಿ, ಮುಚ್ಚಳ ಸರಿಸಿ ಇಣುಕದೆ ಅವರು ವಾಲ್ವ್ ಮುಟ್ಟುತ್ತಿರಲಿಲ್ಲ. “ನಾ ನೋಡದೆ ಬಿಡೂದಿಲ್ಲ” ಎನ್ನುತ್ತಿದ್ದರು.

ಮಗಳ ಮದುವೆಯ ದಿನವೂ ಹೊಸ ಪಂಚೆ ಎತ್ತಿ ಕಟ್ಟಿ ಹತ್ತಿದರು. ಒಳಗೆ ಪಾರಿವಾಳವೊಂದು ಸತ್ತು ತೇಲುತ್ತಿತ್ತು. ನೀರನ್ನೆಲ್ಲ ಚರಂಡಿಗೆ ಬಿಟ್ಟು, ತೊಳೆಯಲು ತಾವೇ ಇಳಿದರು.

“ಅಡುಗೆಯವ್ರು ನೀರಿಗೆ ಕಾಯ್ತಾ ಇದ್ದಾರೆ, ಮಾರಾಯ್ರೆ!” ನಾನು ಸಿಟ್ಟಿನಿಂದ ಕೆಳಗಿನಿಂದ ಕೂಗಿದೆ.

“ಅವ್ರು ಬಾವಿಯಿಂದ ಸೇದ್ಲಿ. ಇದನ್ನ ಊರೇ ಕುಡೀತದೆ.”

ಮುಹೂರ್ತಕ್ಕೆ ಸರಿಯಾಗಿ, ಪಂಚೆ ತುಂಬ ಪಾಚಿ ಮಾಡಿಕೊಂಡು ಬಂದರು. ಧಾರೆ ಎರೆಯಲು ಪುರೋಹಿತರು ನೀರಿನ ಗಿಂಡಿ ಕೊಟ್ಟಾಗ, ಮಂಟಪವೆಲ್ಲ ಕಾಯುತ್ತಿದ್ದರೂ, ಮೊದಲು ಅದರೊಳಗೆ ಇಣುಕಿ ನೋಡಿದರು.